ಕಲ್ಯಾಣದ ಕಲ್ಲು, ಕಲ್ಲೊಳಗಿನ ನೀರು

ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ 2021ರ ಅಕ್ಟೋಬರ್‌ನಲ್ಲಿ ಜನ ಮನೆಯೊಳಗೆ ಮಲಗುವುದನ್ನೇ ಬಿಟ್ಟಿದ್ದರು. ನೆಲದಡಿಯಿಂದ ಗುಡುಗಿನಂಥ ಸದ್ದು, ಅದರ ಬೆನ್ನಿಗೇ ನಡುಕ. ಆ ತಿಂಗಳು ದಾಖಲಾದ ಕಂಪನಗಳಲ್ಲಿ ದೊಡ್ಡದರ ತೀವ್ರತೆ 4ರ ಆಸುಪಾಸಿನಲ್ಲಿತ್ತು. ಸದ್ದು ಅದಕ್ಕೂ ಹಿಂದೆ ಹಲವು ವರ್ಷಗಳಿಂದ ಕೇಳುತ್ತಿತ್ತು, ಆಮೇಲೂ ನಿಂತಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಕಲಬುರಗಿ, ಬೀದರ್ ಕಡೆಯಿಂದ ಇಂಥ ಸುದ್ದಿ ಬಂದಾಗಲೆಲ್ಲ ಅಧಿಕಾರಿಗಳ ಭೇಟಿ, ತಾತ್ಕಾಲಿಕ ಶೆಡ್ಡಿನ ಮಾತು, ಆತಂಕ ಬೇಡವೆಂಬ ಹೇಳಿಕೆ.

ಆತಂಕ ಬೇಡವೆನ್ನುವುದು ಸಾಂತ್ವನ, ವಿವರಣೆಯಲ್ಲ. ಹಾಗೆಂದು ವಿವರಣೆ ಇಲ್ಲವೆಂದೇನೂ ಅಲ್ಲ. ಮಳೆಯ ನೀರು ಸುಣ್ಣಕಲ್ಲಿನ ಬಿರುಕು ಮತ್ತು ಪೊಳ್ಳುಗಳಿಗೆ ಇಳಿದು ಒತ್ತಡ ಬದಲಾದಾಗ ಇಂಥ ಸಣ್ಣ ಕಂಪನಗಳಾಗುತ್ತವೆ ಎಂದು ತಜ್ಞರು ಹೇಳಿದ್ದಾರೆ. ಪತ್ರಿಕೆಗಳಲ್ಲಿ ಅದು ಒಂದು ಸಾಲಿನಲ್ಲಿ ಮುಗಿದುಹೋಯಿತು. ಆ ಒಂದು ಸಾಲು ಅರ್ಥವಾಗಬೇಕಾದರೆ ಕಲಬುರಗಿ, ಬೀದರ್, ಯಾದಗಿರಿಯ ನೆಲದ ಕೆಳಗೆ ಯಾವ ಕಲ್ಲು ಯಾವುದರ ಮೇಲೆ ಕೂತಿದೆ, ಅದು ಹೇಗೆ ಹುಟ್ಟಿತು, ಈಗ ಏನಾಗುತ್ತಿದೆ ಎಂಬುದು ತಿಳಿದಿರಬೇಕು.

ಶಾಲೆಯಲ್ಲಿ ನಾವೆಲ್ಲ ಅಗ್ನಿಶಿಲೆ, ಪದರಶಿಲೆ, ರೂಪಾಂತರ ಶಿಲೆ ಎಂದು ಬಾಯಿಪಾಠ ಮಾಡಿದವರೇ. ಪುಸ್ತಕದ ಚಿತ್ರದಲ್ಲಿ ಬಾಣಗಳ ಒಂದು ವೃತ್ತ, ಮೂಲೆಯಲ್ಲೊಂದು ಉಗುಳುವ ಜ್ವಾಲಾಮುಖಿ. ಆ ಚಿತ್ರ ಸುಳ್ಳಲ್ಲ. ಆದರೆ ನಮ್ಮ ಭಾಗದ ಮಟ್ಟಿಗೆ ದಾರಿ ತಪ್ಪಿಸುತ್ತದೆ. ಇಲ್ಲಿ ಬೆಂಕಿ ಆರಿ ಆರು ಕೋಟಿ ವರ್ಷಗಳ ಮೇಲಾಯಿತು. ಅಂದಿನಿಂದ ಇಂದಿನವರೆಗೆ ಈ ಮೂರು ಜಿಲ್ಲೆಗಳ ಕಲ್ಲನ್ನು ಬದಲಿಸುತ್ತಿರುವುದು ನೀರು. ಕಂಪನದಿಂದ ಹಿಡಿದು ಕೊಳವೆಬಾವಿಯ ಆರ್ಸೆನಿಕ್‌ವರೆಗೆ ನಮ್ಮ ಬಹುಪಾಲು ತಕರಾರುಗಳು ಈ ಕಲ್ಲು ಮತ್ತು ನೀರಿನ ವ್ಯವಹಾರದ್ದು. ಸರ್ಕಾರಿ ಕಡತಗಳಲ್ಲಿ ಮಾತ್ರ ಕಲ್ಲು ಒಂದು ಇಲಾಖೆಗೆ, ನೀರು ಇನ್ನೊಂದಕ್ಕೆ.

ಮೊದಲು ಯಾದಗಿರಿಗೆ ಹೋಗಬೇಕು, ಏಕೆಂದರೆ ಬುನಾದಿ ಬಯಲಿಗೆ ಬಿದ್ದಿರುವುದು ಅಲ್ಲಿ. ಯಾದಗಿರಿ ಕೋಟೆಯ ಬೆಟ್ಟ, ಸುರಪುರವನ್ನು ಸುತ್ತುವರಿದ ಗುಡ್ಡಗಳು, ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟಸಾಲು ಎಲ್ಲವೂ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಮತ್ತು ಅದರ ದಾಯಾದಿಯಾದ ನೈಸ್ ಶಿಲೆ. ಗ್ರಾನೈಟ್ ನೆಲದ ಮೇಲೆ ಹುಟ್ಟಿದ ಕಲ್ಲಲ್ಲ. ಹಲವು ಕಿಲೋಮೀಟರ್ ಆಳದಲ್ಲಿ ಶಿಲಾರಸ ಬಹಳ ನಿಧಾನವಾಗಿ ತಣಿಯಿತು, ಹರಳುಗಳಿಗೆ ಬೆಳೆಯಲು ಪುರುಸೊತ್ತು ಸಿಕ್ಕಿತು. ಅದಕ್ಕೇ ಬಂಡೆಯ ಹತ್ತಿರ ಮುಖವಿಟ್ಟು ನೋಡಿದರೆ ಗುಲಾಬಿ ಅಥವಾ ಬಿಳಿಯ ಫೆಲ್ಡ್‌ಸ್ಪಾರ್, ಗಾಜಿನಂಥ ಬೆಣಚು, ಮಿನುಗುವ ಕಪ್ಪು ಕಾಗೆಬಂಗಾರ ಒಂದೊಂದೂ ಬೇರೆಯಾಗಿ ಕಣ್ಣಿಗೆ ಬೀಳುತ್ತವೆ. ನೈಸ್ ಶಿಲೆಯಲ್ಲಿ ಇದೇ ಖನಿಜಗಳು ಬಿಳಿ ಮತ್ತು ಕಪ್ಪು ಪಟ್ಟೆಗಳಾಗಿ ಸಾಲುಗಟ್ಟಿರುತ್ತವೆ. ಭೂಮಿಯೊಳಗೆ ಇಳಿದಂತೆ ಪ್ರತಿ ಕಿಲೋಮೀಟರಿಗೆ ಸರಾಸರಿ 25ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖ ಏರುತ್ತದೆ. ಸಾಕಷ್ಟು ಆಳದಲ್ಲಿ ಕಲ್ಲು ಕರಗದೆಯೇ, ಗಟ್ಟಿಯಾಗಿರುವಾಗಲೇ, ತನ್ನ ಖನಿಜಗಳನ್ನು ಒತ್ತಡದ ದಿಕ್ಕಿಗೆ ತಕ್ಕಂತೆ ಮರುಜೋಡಿಸಿಕೊಳ್ಳುತ್ತದೆ. ರೂಪಾಂತರವೆಂದರೆ ಅದೇ.

ಆಮೇಲೆ ಮೇಲಿದ್ದ ಕಿಲೋಮೀಟರ್‌ಗಟ್ಟಲೆ ಕಲ್ಲು ಸವೆದುಹೋಯಿತು. ಯಾದಗಿರಿ ಕೋಟೆಯ ತುದಿಯಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುವವರು ನಿಂತಿರುವುದು ಒಂದು ಕಾಲದ ಪಾತಾಳದಲ್ಲಿ.

ಹೀಗೆ ಸವೆದು ಬಯಲಾದ ಗ್ರಾನೈಟ್ ನೆಲದ ಮೇಲೆ ಸಮುದ್ರ ಬಂತು. ಇಂದಿನ ಭೀಮಾ ನದಿಯ ಹೆಸರನ್ನೇ ಇಟ್ಟುಕೊಂಡಿರುವ ಈ ಹಳೆಯ ಸಮುದ್ರದ ಹಾಸು ಕಲಬುರಗಿ, ಯಾದಗಿರಿ ಜಿಲ್ಲೆಗಳಿಂದ ತೆಲಂಗಾಣದ ತಾಂಡೂರಿನವರೆಗೆ ಸುಮಾರು 5,000 ಚದರ ಕಿಲೋಮೀಟರ್ ಹರಡಿದೆ. ತಳದಲ್ಲಿ ಗ್ರಾನೈಟಿನ ಚೂರುಗಳೇ ಸೇರಿ ಆದ ಗುಂಡುಕಲ್ಲು ಮತ್ತು ಮರಳುಗಲ್ಲು, ಅದರ ಮೇಲೆ ಜೇಡಿಗಲ್ಲು, ಅದರ ಮೇಲೆ ನಮ್ಮ ಶಹಾಬಾದ್ ಸುಣ್ಣಕಲ್ಲು. ಗ್ರಾನೈಟಿಗೂ ಅದರ ಮೇಲಿನ ಮೊದಲ ಪದರಕ್ಕೂ ನಡುವೆ ನೂರು ಕೋಟಿಗೂ ಹೆಚ್ಚು ವರ್ಷಗಳ ದಾಖಲೆಯೇ ಇಲ್ಲ. ಆ ಕಾಲದ ಕಲ್ಲೆಲ್ಲ ಸವೆದು ಎಲ್ಲಿಗೋ ಹೋಗಿದೆ. ಭೀಮಾ ಪದರಗಳ ನಿಖರ ವಯಸ್ಸಿನ ಬಗ್ಗೆ ಭೂವಿಜ್ಞಾನಿಗಳ ವಾದ ಇನ್ನೂ ಮುಗಿದಿಲ್ಲ. ಚಿಪ್ಪಿನ ಪ್ರಾಣಿಗಳು ಹುಟ್ಟುವ ಮೊದಲಿನ ಸಮುದ್ರವಾದ್ದರಿಂದ ವಯಸ್ಸು ಹೇಳುವ ಪಳೆಯುಳಿಕೆಗಳು ಇದರಲ್ಲಿ ಸಿಗುವುದಿಲ್ಲ. ಸುಣ್ಣಕಲ್ಲು ಎಂದರೆ ಚಿಪ್ಪುಗಳ ರಾಶಿ ಎಂದು ಓದಿದವರಿಗೆ ಇದು ವಿಚಿತ್ರವೆನಿಸಬಹುದು. ಇಲ್ಲಿನದು ಬೆಚ್ಚಗಿನ ಆಳವಿಲ್ಲದ ನೀರಿನಲ್ಲಿ ಸುಣ್ಣದ ಅಂಶ ನವಿರಾದ ಕೆಸರಾಗಿ ತಳಕ್ಕಿಳಿದು ಗಟ್ಟಿಯಾದದ್ದು.

ಅಂಗಳದ ಫರ್ಶಿಯ, ಅಂದರೆ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲಿನ, ಅಂಚನ್ನೊಮ್ಮೆ ಗಮನಿಸಿ. ಬೂದು, ನೀಲಿ ಛಾಯೆಯ, ಕೆಲವೆಡೆ ಕೆನೆಬಣ್ಣದ ತೆಳು ಪದರಗಳು, ನಡುನಡುವೆ ಉಗುರಿಗಿಂತ ತೆಳ್ಳಗಿನ ಜೇಡಿಯ ಗೆರೆ. ಸಮುದ್ರಕ್ಕೆ ಕೆಸರು ಹೆಚ್ಚಾಗಿ ಹರಿದು ಬಂದ ಕಾಲದ ಗುರುತು ಅದು. ಖಣಿಯಲ್ಲಿ ಕೆಲಸಗಾರ ಹಾರೆ ಹಾಕುವುದು ಆ ಗೆರೆಗೇ. ಅಲ್ಲಿ ಮೀಟಿದರೆ ಕಲ್ಲು ತಾನಾಗಿ ಹಲಗೆಯಂತೆ ಏಳುತ್ತದೆ. ದೇಶದ ಎಷ್ಟೋ ಊರುಗಳ ಮನೆಯ ನೆಲ, ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್, ಶಾಲೆಯ ಜಗುಲಿ ನಿಂತಿರುವುದು ಇಂಥ ಜೇಡಿಯ ಗೆರೆಗಳ ದಯೆಯಿಂದ.

ಇದೇ ಫರ್ಶಿಯ ಬಗ್ಗೆ ಅಡುಗೆಮನೆಯವರಿಗೆ ಗೊತ್ತಿರುವ ಇನ್ನೊಂದು ಸಂಗತಿಯಿದೆ. ನಿಂಬೆರಸವೋ ಹುಣಸೆಹುಳಿಯೋ ಬಿದ್ದು ಒರೆಸದೆ ಬಿಟ್ಟರೆ ಅಲ್ಲಿ ಹೊಳಪು ಹೋಗಿ ಬಿಳಿ ಕಲೆ ಉಳಿಯುತ್ತದೆ. ಸುಣ್ಣಕಲ್ಲು ಹುಳಿಗೆ ಕರಗುತ್ತದೆ. ಮಳೆಯ ನೀರು ಗಾಳಿಯಿಂದ, ಅದಕ್ಕಿಂತ ಹೆಚ್ಚಾಗಿ ಮಣ್ಣಿನೊಳಗಿನ ಬೇರು ಮತ್ತು ಸೂಕ್ಷ್ಮಜೀವಿಗಳು ಬಿಡುವ ಇಂಗಾಲದ ಡೈಆಕ್ಸೈಡಿನಿಂದ, ತುಸು ಹುಳಿಯಾಗಿಯೇ ಕೆಳಗಿಳಿಯುತ್ತದೆ. ಪ್ರತಿ ಮಳೆಗಾಲ ಸೇಡಂ, ಚಿತ್ತಾಪುರ, ಜೇವರ್ಗಿ ಸೀಮೆಯ ನೆಲದಡಿಯಲ್ಲಿ ಈ ಕೆಲಸ ನಡೆದೇ ಇರುತ್ತದೆ. ಬಿರುಕು ಕೂದಲೆಳೆಯಷ್ಟಿದ್ದದ್ದು ಬೆರಳಿನಷ್ಟಾಗುತ್ತದೆ, ಕಾಲಾಂತರದಲ್ಲಿ ಪೊಳ್ಳಾಗುತ್ತದೆ. ಕರಗಿದ ಸುಣ್ಣ ಎಲ್ಲೂ ಹೋಗದೆ ಕೊಳವೆಬಾವಿಯಲ್ಲಿ ಗಡುಸು ನೀರಾಗಿ ಮೇಲೆ ಬಂದು ಪಾತ್ರೆಯ ತಳದಲ್ಲಿ ಬಿಳಿ ಪೊರೆಯಾಗಿ ಕೂರುತ್ತದೆ.

ಇಷ್ಟು ಹಳೆಯ ಕಲ್ಲಾದರೂ ಶಹಾಬಾದ್ ಕಲ್ಲು ಅಮೃತಶಿಲೆಯಾಗಲಿಲ್ಲ ಎಂಬುದು ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಸೋಜಿಗದ ಭಾಗ. ಸುಣ್ಣಕಲ್ಲು ಆಳಕ್ಕೆ ಹೂತು ಬೆಂದರೆ ಹರಳುಗಟ್ಟಿ ಅಮೃತಶಿಲೆಯಾಗುತ್ತದೆ. ಇಲ್ಲಿ ಅಷ್ಟು ಆಳಕ್ಕೆ ಹೂಳುವ, ಮಡಿಚುವ ಪರ್ವತಜನನ ನಡೆಯಲೇ ಇಲ್ಲ. ಬಿರುಕುವಲಯಗಳನ್ನು ಬಿಟ್ಟರೆ ಪದರಗಳು ಇಂದಿಗೂ ಹೆಚ್ಚುಕಡಿಮೆ ಅಡ್ಡಡ್ಡಲಾಗಿಯೇ ಇವೆ. ಈ ನಿರುಪದ್ರವಿ ಇತಿಹಾಸದ ಲಾಭ ಪಡೆದವರು ಬಹಳ. ಹುಣಸಗಿ ಬಳಿಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷಗಳ ಹಿಂದೆಯೇ ಆದಿಮಾನವರು ಸಿಲಿಕಾ ಸೇರಿ ಬಿರುಸಾದ ಸುಣ್ಣಕಲ್ಲಿನ ಹಲಗೆಗಳನ್ನು ಎಬ್ಬಿಸಿ ಕೈಕೊಡಲಿ ಮಾಡಿಕೊಳ್ಳುತ್ತಿದ್ದರು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ಉತ್ಖನನದಿಂದ ಬೆಳಕಿಗೆ ಬಂದ ಇದು ಭಾರತದ ಅತಿ ಹಳೆಯ ಕಲ್ಲಿನ ಕಾರ್ಖಾನೆಗಳಲ್ಲಿ ಒಂದು. ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪವಿರುವುದು ಸುಣ್ಣಕಲ್ಲಿನ ಚಪ್ಪಡಿಯ ಮೇಲೆ. ರಾಷ್ಟ್ರಕೂಟರ ಮಳಖೇಡದ ಕೋಟೆಗೂ ಕಲ್ಲು ಇಲ್ಲಿಯದೇ. ಈಗ ಅದೇ ಮಳಖೇಡದಲ್ಲಿ, ಸೇಡಂನಲ್ಲಿ, ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಗಳ ಚಿಮಣಿಗಳಿವೆ. ಅವುಗಳ ಕುಲುಮೆಯಲ್ಲಿ ಸುಮಾರು 900 ಡಿಗ್ರಿ ಶಾಖಕ್ಕೆ ಸುಣ್ಣಕಲ್ಲು ಒಡೆಯುತ್ತದೆ. ಶುದ್ಧ ಸುಣ್ಣಕಲ್ಲಿನ ತೂಕದಲ್ಲಿ ನೂರಕ್ಕೆ 44 ಪಾಲು ಇಂಗಾಲದ ಡೈಆಕ್ಸೈಡ್, ಅದೆಲ್ಲ ಗಾಳಿಗೆ. ಪ್ರಾಚೀನ ಸಮುದ್ರ ಯುಗಗಟ್ಟಲೆ ಕೂತು ಹಿಡಿದಿಟ್ಟ ಇಂಗಾಲಕ್ಕೆ ಒಂದು ಪಾಳಿಯೊಳಗೆ ಬಿಡುಗಡೆ.

ಮೇಲಿನ ಅಂತಸ್ತು ಲಾವಾದ್ದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ಮೇಲೆ ಬಿರುಕುಗಳಿಂದ ಲಾವಾ ಉಕ್ಕಿ ಪ್ರವಾಹದ ಮೇಲೆ ಪ್ರವಾಹವಾಗಿ ಹರಿಯಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಉಳಿದಿರುವ ಈ ಹಾಸಿನ ದಕ್ಷಿಣದ ಅಂಚು ಬರುವುದು ನಮ್ಮಲ್ಲಿಗೆ: ಬೀದರ್ ಜಿಲ್ಲೆಯ ಬಹುಪಾಲು, ಆಳಂದ, ಕಲಬುರಗಿ, ಚಿಂಚೋಳಿಯ ದೊಡ್ಡ ಭಾಗ. ಅಂಚಾದ್ದರಿಂದ ಇಲ್ಲಿ ಹಾಸು ತೆಳು, ಎಷ್ಟೋ ಕಡೆ ನದಿಗಳು ಅದನ್ನು ಕೊರೆದು ಕೆಳಗಿನ ಸುಣ್ಣಕಲ್ಲನ್ನು ತೋರಿಸಿವೆ. ಲಾವಾ ಬೇಗ ತಣಿದದ್ದರಿಂದ ಬಸಾಲ್ಟ್ ಕಲ್ಲಿನ ಹರಳು ಕಣ್ಣಿಗೆ ಕಾಣದಷ್ಟು ಚಿಕ್ಕದು. ಪ್ರತಿ ಪ್ರವಾಹದ ನಡುಭಾಗ ಗಟ್ಟಿ ಕರಿಗಲ್ಲು. ಮೇಲ್ಭಾಗ ಗಾಳಿಗುಳ್ಳೆಗಳ ತೂತುಗಳಿಂದ ತುಂಬಿದ್ದು. ಬಾವಿ ತೋಡುವವರಿಗೆ ನೀರು ಸಿಗುವುದು ಸಾಮಾನ್ಯವಾಗಿ ಆ ತೂತಿನ, ಬಿರುಕಿನ ಪದರದಲ್ಲಿ. ಗಟ್ಟಿಗಲ್ಲು ಸಿಕ್ಕಿದರೆ ಯಂತ್ರದ ಬಾಡಿಗೆಯಷ್ಟೇ ಖರ್ಚು.

ಬಸಾಲ್ಟ್ ಮೇಲೆ ನೀರು ಮಾಡಿದ ಕೆಲಸ ಎರಡು ಬಗೆಯದು, ಎರಡೂ ನಮ್ಮ ಬದುಕನ್ನೇ ರೂಪಿಸಿವೆ. ತಗ್ಗಿನಲ್ಲಿ, ನೀರು ಹರಿದುಹೋಗದ ಕಡೆ, ಕಲ್ಲು ಕೊಳೆತು ಎರೆಮಣ್ಣಾಯಿತು. ಅದರ ಜೇಡಿಖನಿಜ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಆ ತೇವವನ್ನೇ ನಂಬಿ ತೊಗರಿ ಬೆಳೆಯುತ್ತದೆ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಸಿಕ್ಕ ಭೌಗೋಳಿಕ ಸೂಚ್ಯಂಕದ ಹಿಂದೆ ಇರುವುದು ಈ ಮಣ್ಣು. ಅದೇ ಮಣ್ಣು ಮನೆಯ ಗೋಡೆಗಳನ್ನೂ ಸೀಳುತ್ತದೆ. ಎತ್ತರದ ಬಯಲಿನಲ್ಲಿ, ನೀರು ಇಂಗಿ ಜಾರಿಹೋಗುವ ಕಡೆ, ಕಥೆ ಬೇರೆ. ಅಲ್ಲಿ ಮಳೆ ಕಲ್ಲಿನೊಳಗಿನ ಸಿಲಿಕಾ, ಸುಣ್ಣ, ಮೆಗ್ನೀಷಿಯಂ ಎಲ್ಲವನ್ನೂ ಯುಗಗಟ್ಟಲೆ ತೊಳೆದು ಒಯ್ದು ಕಬ್ಬಿಣ ಮತ್ತು ಅಲ್ಯುಮಿನಿಯಮ್ಮನ್ನು ಮಾತ್ರ ಬಿಟ್ಟಿತು. ಅದೇ ಬೀದರಿನ ಕೆಂಪುಕಲ್ಲು, ಜಂಬಿಟ್ಟಿಗೆ. ನೆಲದಲ್ಲಿರುವಾಗ ಕೊಡಲಿಗೂ ಬಗ್ಗುವ ಇದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಬೀದರ್ ಕೋಟೆಯ ಕಂದಕದಲ್ಲಿ ಇಳಿದು ನೋಡಿದರೆ ಬಂಡೆಯನ್ನೇ ಗೋಡೆಯಂತೆ ಬಿಟ್ಟು ಮೂರು ಸಾಲಾಗಿ ತೋಡಿದ ಅಗಳು ಕಾಣುತ್ತದೆ. ಕರಿಗಲ್ಲಿನಲ್ಲಿ ಅಂಥದ್ದನ್ನು ಕೈಯಿಂದ ತೋಡಲು ಯಾವ ಸುಲ್ತಾನನ ಬೊಕ್ಕಸವೂ ಸಾಲುತ್ತಿರಲಿಲ್ಲ.

ಜಂಬಿಟ್ಟಿಗೆ ತೂತುತೂತು, ಅದರ ಕೆಳಗಿನ ಜೇಡಿ ಮತ್ತು ಗಟ್ಟಿ ಬಸಾಲ್ಟ್ ನೀರು ಬಿಡುವುದಿಲ್ಲ. ಮೇಲೆ ಇಂಗಿದ ಮಳೆ ಎರಡರ ಸಂಧಿಯಲ್ಲಿ ನಿಂತು ಪಕ್ಕಕ್ಕೆ ಹರಿಯುತ್ತದೆ. ಗುರುನಾನಕ ಝೀರಾದ ಸಿಹಿನೀರು, ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟಕ್ಕೆ ನಿಲ್ಲುವ ನೀರು, ಬಹಮನಿ ಕಾಲದ ನೌಬಾದಿನ ಸುರಂಗ ಬಾವಿ ಮೂರೂ ಇದೇ ಕೆಂಪುಕಲ್ಲಿನ ಕೃಪೆ. ಸುರಂಗ ಬಾವಿ ತೋಡಿದವರು ಭೂವಿಜ್ಞಾನದ ಪದವಿ ಪಡೆದವರಲ್ಲ. ಆದರೆ ನೀರು ಯಾವ ಕಲ್ಲಿನಿಂದ ಯಾವ ಕಲ್ಲಿನ ಮೇಲೆ ಜಾರುತ್ತದೆ ಎಂಬುದು ಅವರಿಗೆ ಇಂದಿನ ಲೇಔಟ್ ಮಂಜೂರು ಮಾಡುವವರಿಗಿಂತ ಚೆನ್ನಾಗಿ ತಿಳಿದಿತ್ತು. ಇಂಗುವ ಬಯಲನ್ನು ಕಾಂಕ್ರೀಟಿನಿಂದ ಮುಚ್ಚಿ, ಕೆಳಗಿನ ಸುರಂಗದ ಹೂಳೆತ್ತುವುದಕ್ಕೆ ಹಣ ಕೊಡುವುದು ಎಂಥ ಜಾಣತನವೋ!

ಈಗ ಕಂಪನದ ವಿಷಯ. ಚಿಂಚೋಳಿ ಸೀಮೆಯಲ್ಲಿ ಈ ಮೂರೂ ಅಂತಸ್ತುಗಳು ಒಂದರ ಪಕ್ಕ ಒಂದು, ಒಂದರ ಮೇಲೊಂದು ಸಿಗುತ್ತವೆ: ತೆಳು ಲಾವಾ, ಕೆಳಗೆ ಕರಗುವ ಸುಣ್ಣಕಲ್ಲು, ಅದರಡಿ ಹಳೆಯ ಬಿರುಕುಗಳ ಗ್ರಾನೈಟ್. ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿದು ಏಷ್ಯಾವನ್ನು ಒತ್ತುತ್ತಿರುವುದರಿಂದ ನಡುನಾಡಿನ ಹಳೆಯ ಬಿರುಕುಗಳಲ್ಲೂ ಬಿಗುವು ತುಂಬಿದೆ. ಬಿರುಕಿನ ಎರಡು ಬದಿಗಳನ್ನು ಜಾರದಂತೆ ಹಿಡಿದಿರುವುದು ಘರ್ಷಣೆ. ಒಳ್ಳೆಯ ಮಳೆಯ ನಂತರ ನೀರು ಅದರೊಳಗಿಳಿದು ಒತ್ತಡ ಹೆಚ್ಚಿದರೆ ಆ ಹಿಡಿತ ಸಡಿಲವಾಗುತ್ತದೆ, ಮೊದಲೇ ಜಾರಲು ಸಿದ್ಧವಾಗಿದ್ದದ್ದು ಒಂದಿಷ್ಟು ಜಾರುತ್ತದೆ. ಅದು ಕಡಿಮೆ ಆಳದಲ್ಲಿ ನಡೆದಾಗ ಕಂಪನದ ಚುರುಕು ಅಲೆಗಳು ನೆಲದಿಂದ ಗಾಳಿಗೆ ದಾಟಿ ಕಿವಿಗೆ ಸದ್ದಾಗಿ ಕೇಳುತ್ತವೆ. ಸುಣ್ಣಕಲ್ಲಿನ ಪೊಳ್ಳು ಕುಸಿದೂ ಸದ್ದಾಗಬಹುದು, ನಿಜ. ಆದರೆ 4ರ ಆಸುಪಾಸಿನ ಕಂಪನವನ್ನು ಬರೀ ಪೊಳ್ಳಿನ ಕುಸಿತಕ್ಕೆ ಕಟ್ಟುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಅಷ್ಟು ಶಕ್ತಿ ಬರಬೇಕಾದರೆ ಎಲ್ಲೋ ಒಂದು ಬಿರುಕು ಜಾರಲೇಬೇಕು. ಸುಣ್ಣಕಲ್ಲಿನ ಮೇಲೆ ಎಲ್ಲ ತಪ್ಪನ್ನೂ ಹೊರಿಸಿದರೆ ಆ ಬಿರುಕನ್ನು ಹುಡುಕುವ ಕೆಲಸ ಹಿಂದೆ ಬೀಳುತ್ತದೆ.

ಹಳ್ಳಿಗಳಲ್ಲಿ ಇನ್ನೊಂದು ಅನುಮಾನವಿದೆ: ಗಣಿಯ ಸ್ಫೋಟ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಬೇಕಿಲ್ಲ, ಪರೀಕ್ಷಿಸಬಹುದು. ಸ್ಫೋಟ ನೆಲವನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ. ಬಿರುಕು ಜಾರಿದರೆ ಕೆಲವು ದಿಕ್ಕಿಗೆ ತಳ್ಳು, ಕೆಲವು ದಿಕ್ಕಿಗೆ ಸೆಳೆತ. ಕಂಪನಮಾಪಕದ ಗೆರೆಯಲ್ಲಿ ವ್ಯತ್ಯಾಸ ಕಾಣುತ್ತದೆ. ಗಣಿಗಳ ಸ್ಫೋಟದ ದಿನಚರಿಯನ್ನು ಮತ್ತು ಕಂಪನಗಳ ವೇಳಾಪಟ್ಟಿಯನ್ನು ಪಂಚಾಯಿತಿಯ ಗೋಡೆಗೆ ಪಕ್ಕಪಕ್ಕದಲ್ಲಿ ಅಂಟಿಸಿದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಹಾಗಾದರೆ ದೊಡ್ಡ ಭೂಕಂಪ ಬರುತ್ತದೆಯೇ? ಇಂಥ ಸಣ್ಣ ಕಂಪನಗಳ ಸರಣಿ ಹೆಚ್ಚಿನ ಕಡೆ ತಾನಾಗಿ ತಣ್ಣಗಾಗುತ್ತದೆ, ಮುಂಗಾಣ್ಕೆ ಮಾತ್ರ ಯಾರಿಂದಲೂ ಸಾಧ್ಯವಿಲ್ಲ. 1993ರ ಸೆಪ್ಟೆಂಬರ್ 30ರಂದು ನೆರೆಯ ಲಾತೂರಿನ ಕಿಲ್ಲಾರಿಯಲ್ಲಿ 6.2ರ ಭೂಕಂಪವಾದಾಗ ಆ ಜಾಗವನ್ನು ಎಲ್ಲರೂ ಅಲುಗದ ನೆಲವೆಂದೇ ಎಣಿಸಿದ್ದರು. ಬಳಿಕ ಅಲ್ಲಿ ಕೊರೆದ 617 ಮೀಟರ್ ಆಳದ ರಂಧ್ರದಲ್ಲಿ ಸುಮಾರು 340 ಮೀಟರ್ ಲಾವಾದ ಕೆಳಗೆ ಸಿಕ್ಕಿದ್ದು ನಮ್ಮದೇ ಜಾತಿಯ ಹಳೆಯ ಶಿಲೆ. ಅಲ್ಲಿ ಸಾವಿರಾರು ಜನರನ್ನು ಕೊಂದದ್ದರಲ್ಲಿ ಕಂಪನದಷ್ಟೇ ಪಾಲು ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳದ್ದು, ಮಾಳಿಗೆಯ ಮಣ್ಣಿನ ಭಾರದ್ದು. ಅಂಥ ಮನೆಗಳು ಚಿಂಚೋಳಿ, ಆಳಂದ, ಬಸವಕಲ್ಯಾಣದ ಹಳ್ಳಿಗಳಲ್ಲಿ ಇಂದಿಗೂ ಇವೆ. ಗೋಡೆಯ ಎರಡು ಮೈಗಳನ್ನು ಅಡ್ಡಗಲ್ಲು ಹಾಕಿ ಹೆಣೆಯುವುದು, ಬಾಗಿಲಿನ ಮಟ್ಟದಲ್ಲಿ ಸುತ್ತ ಕಾಂಕ್ರೀಟ್ ಪಟ್ಟಿ ಕಟ್ಟುವುದು ದುಬಾರಿ ಕೆಲಸವಲ್ಲ. ಶೆಡ್ಡು ಹಾಕುವ ಹಣವನ್ನು ಇದಕ್ಕೆ ಕೊಟ್ಟರೆ ಮುಂದಿನ ಕಂಪನಕ್ಕೂ ಉಪಯೋಗ.

ನೀರು ಕಲ್ಲಿನಿಂದ ಒಯ್ಯುವುದು ಸುಣ್ಣ ಒಂದನ್ನೇ ಅಲ್ಲ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಪೂರ್ವ–ಪಶ್ಚಿಮವಾಗಿ ಹಾಯ್ದ ಬಿರುಕು ಗ್ರಾನೈಟನ್ನೂ ಸುಣ್ಣಕಲ್ಲನ್ನೂ ಪುಡಿಗಟ್ಟಿದೆ. ಆಮ್ಲಜನಕವಿರುವ ನೀರಿನಲ್ಲಿ ಯುರೇನಿಯಂ ಕರಗಿ ಸಾಗುತ್ತದೆ; ಆಮ್ಲಜನಕ ಮುಗಿದ, ಪೈರೈಟಿನಂಥ ಖನಿಜಗಳಿರುವ ಪುಡಿಕಲ್ಲಿನಲ್ಲಿ ಸಿಕ್ಕಿಬಿದ್ದು ಗಟ್ಟಿಯಾಗುತ್ತದೆ. ಗೋಗಿಯ ಅದಿರು ಕೂತಿರುವುದು ಅಂಥ ಜಾಗದಲ್ಲಿ. ಅದನ್ನು ಅಗೆಯುವುದೆಂದರೆ ಗಾಳಿ ಮತ್ತು ನೀರನ್ನು ಮತ್ತೆ ಅಲ್ಲಿಗೆ ಬಿಡುವುದು. ಗ್ರಾಮಸ್ಥರು ಗಣಿಯನ್ನು ವಿರೋಧಿಸುವಾಗ ಕೇಳುವ ಕುಡಿಯುವ ನೀರಿನ ಪ್ರಶ್ನೆ ಭಾವುಕತೆಯದಲ್ಲ, ರಸಾಯನಶಾಸ್ತ್ರದ್ದು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಕಂಡಾಗಲೂ ಬೆರಳು ತೋರಿದ್ದು ಮಂಗಳೂರು ಗ್ರಾಮದ ಹಳೆಯ ಚಿನ್ನದ ಗಣಿಯ ಸೀಮೆಯ ಶಿಲೆಗಳತ್ತ. ಚಿನ್ನದ ಜೊತೆ ಆರ್ಸೆನಿಕ್ ಹೊತ್ತ ಖನಿಜ ಇರುವುದು ಸಾಮಾನ್ಯ. ಗ್ರಾನೈಟ್ ಸೀಮೆಯ ಫ್ಲೋರೈಡ್ ಕಥೆಯೂ ಇದೇ: ಬಾವಿ ಆಳಕ್ಕಿಳಿದಷ್ಟೂ ನೀರು ಕಲ್ಲಿನೊಡನೆ ಹೆಚ್ಚು ಕಾಲ ಕೂತಿರುತ್ತದೆ, ಅಷ್ಟೂ ಹೆಚ್ಚು ಎಳೆದುಕೊಳ್ಳುತ್ತದೆ.

ಸುಣ್ಣಕಲ್ಲಿನ ಗಣಿ ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದರೆ ಹಗಲುರಾತ್ರಿ ನೀರೆತ್ತಿ ಹೊರಹಾಕಬೇಕು. ಬಿರುಕುಗಳು ಒಂದಕ್ಕೊಂದು ಕೂಡಿರುವ ಕಲ್ಲಿನಲ್ಲಿ ಆ ಎತ್ತುವಿಕೆ ಸುತ್ತಲಿನ ಹೊಲಗಳ ಬಾವಿಗಳನ್ನೂ ಬತ್ತಿಸಬಲ್ಲದು. ಗಣಿಗೆ ಅನುಮತಿ ಕೇಳುವ ಸಾರ್ವಜನಿಕ ಅಹವಾಲು ಸಭೆಯಲ್ಲಿ ಉದ್ಯೋಗ ಎಷ್ಟು, ಪರಿಹಾರ ಎಷ್ಟು ಎಂಬ ಪ್ರಶ್ನೆಗಳು ಏಳುತ್ತವೆ, ಏಳಲೇಬೇಕು. ಅದರ ಜೊತೆಗೆ ಬಿರುಕುಗಳು ಯಾವ ದಿಕ್ಕಿಗಿವೆ, ನೀರಿನ ಮಟ್ಟ ಎಷ್ಟು ಆಳದಲ್ಲಿದೆ, ಎತ್ತಿದ ನೀರು ಎಲ್ಲಿಗೆ ಹೋಗುತ್ತದೆ, ಮುಚ್ಚಿದ ಮೇಲೆ ಗುಂಡಿಯನ್ನು ಯಾವುದರಿಂದ ತುಂಬುತ್ತಾರೆ ಎಂಬುದನ್ನೂ ಕೇಳಬೇಕು. ಹಳೆಯ ಫರ್ಶಿ ಖಣಿಗಳ ತುಂಡುಕಲ್ಲಿನ ರಾಶಿ ಮತ್ತು ನೀರು ನಿಂತ ಹೊಂಡಗಳು ಶಹಾಬಾದಿನ ಸುತ್ತ ಇನ್ನೂ ಹಾಗೆಯೇ ಬಿದ್ದಿವೆ.

ಹಣವಿಲ್ಲವೆಂಬ ನೆಪ ಇಲ್ಲಿ ನಡೆಯುವುದಿಲ್ಲ. ಗಣಿ ಮತ್ತು ಖನಿಜ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯ ನಂತರ ಗಣಿಗಾರಿಕೆಯಿಂದ ಬರುವ ಒಂದು ಪಾಲು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಬರುತ್ತದೆ, ಕುಡಿಯುವ ನೀರು ಅದರ ಆದ್ಯತೆಯ ಪಟ್ಟಿಯಲ್ಲೇ ಇದೆ. ಗಣಿಯ ಸುತ್ತಲಿನ ಹತ್ತಾರು ಬಾವಿಗಳಿಗೆ ನೀರಿನ ಮಟ್ಟ ಅಳೆಯುವ ಉಪಕರಣ ಹಾಕಲು, ವರ್ಷಕ್ಕೆರಡು ಸಲ ನೀರಿನ ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಲು ಅದರ ಒಂದು ಸಣ್ಣ ಭಾಗ ಸಾಕು. ಇನ್ನೊಂದು ಸಿ.ಸಿ. ರಸ್ತೆಯ ಶಂಕುಸ್ಥಾಪನೆಗಿಂತ ಇದು ಅಗ್ಗ. ಫಲಕದಲ್ಲಿ ಹೆಸರು ಕೆತ್ತಿಸಿಕೊಳ್ಳಲು ಜಾಗವಿರುವುದಿಲ್ಲ ಎಂಬುದೊಂದೇ ತೊಂದರೆ.